ಬ್ರೌಸರ್ ಕ್ಯಾಶ್

ಬ್ರೌಸರ್ ಕ್ಯಾಶ್ ಎಂಬುದು ಒಮ್ಮೆ ತೆರೆದ ಜಾಲಪುಟದ ಬರಹ, ಚಿತ್ರ ಮತ್ತು ವಿನ್ಯಾಸದ ಕಡತಗಳನ್ನು ಬ್ರೌಸರ್ ತಂತ್ರಾಂಶವು ಬಳಕೆದಾರರ ಗಣಕಯಂತ್ರ ಅಥವಾ ಮೊಬೈಲ್‌ನಲ್ಲಿ ತಾತ್ಕಾಲಿಕವಾಗಿ ಉಳಿಸಿಡುವ ಸಂಗ್ರಹ. ಉಚ್ಚಾರಣೆ ಒಂದೇ ಆದರೂ ಇದು ಹಣವನ್ನು ಸೂಚಿಸುವ ‘ಕ್ಯಾಶ್’ ಅಲ್ಲ. ‘ಬಚ್ಚಿಡು’ ಎಂಬ ಅರ್ಥದ ಫ್ರೆಂಚ್ ಪದದಿಂದ ಬಂದುದು. ಈ ಸಂಗ್ರಹದಿಂದ ಪುಟಗಳು ಬೇಗ ತೆರೆದುಕೊಳ್ಳುತ್ತವೆ, ಡೇಟಾ ಉಳಿಯುತ್ತದೆ. ಆದರೆ ಮೂಲ ಪುಟ ಬದಲಾದ ಮೇಲೂ ಹಳೆಯ ಪ್ರತಿಯೇ ಕಾಣಿಸುವ ಸಂಭವವಿದೆ.

== ಕಾರಣ ==
ಕಡತವನ್ನು ಎಷ್ಟು ಕಾಲ ಉಳಿಸಿಕೊಳ್ಳಬಹುದೆಂಬುದನ್ನು ಸರ್ವರ್ ಸೆಕೆಂಡುಗಳ ಲೆಕ್ಕದಲ್ಲಿ ತಿಳಿಸುತ್ತದೆ. ಉದಾಹರಣೆಗೆ, 86,400 ಎಂದರೆ ಒಂದು ದಿನ. ಆ ಅವಧಿ ಮುಗಿಯುವವರೆಗೆ ಬ್ರೌಸರ್ ಸರ್ವರನ್ನು ಮತ್ತೆ ವಿಚಾರಿಸಬೇಕಾಗಿಲ್ಲ. ಅವಧಿ ಮುಗಿದ ಬಳಿಕ ವಿಚಾರಿಸಿದಾಗ ಕಡತ ಬದಲಾಗಿರದಿದ್ದರೆ ಸರ್ವರ್ 304 ಎಂಬ ಸಂಕೇತವನ್ನಷ್ಟೇ ಕಳುಹಿಸುತ್ತದೆ. ಅವಧಿಯನ್ನು ಸೂಚಿಸದ ಕಡತಗಳಿಗೆ ಬ್ರೌಸರ್ ತಾನೇ ಅಂದಾಜು ಮಾಡಿಕೊಳ್ಳುತ್ತದೆ.

== ಉದಾಹರಣೆ ==
ಬೆಂಗಳೂರಿನ ನಮ್ಮ ಮೆಟ್ರೋ ನೇರಳೆ ಮಾರ್ಗದ ನಕ್ಷೆಯನ್ನು ಇಲ್ಲಿ ಗಮನಿಸಬಹುದು. 2023ರ ಮಾರ್ಚ್‌ನಲ್ಲಿ ಕೃಷ್ಣರಾಜಪುರ–ವೈಟ್‌ಫೀಲ್ಡ್ ಭಾಗ ಆರಂಭವಾದಾಗ ಬೈಯಪ್ಪನಹಳ್ಳಿ ಮತ್ತು ಕೃಷ್ಣರಾಜಪುರಗಳ ನಡುವೆ ರೈಲು ಸಂಪರ್ಕವಿರಲಿಲ್ಲ. ಆ ಕೊಂಡಿ 2023ರ ಅಕ್ಟೋಬರ್ 9ರಂದು ಕೂಡಿಕೊಂಡಿತು. ಅದಕ್ಕೆ ಮೊದಲು ಉಳಿಸಿದ ನಕ್ಷೆಯ ಚಿತ್ರವೇ ಆ ದಿನದ ನಂತರವೂ ಕಾಣಿಸಿದರೆ, ಹಲಸೂರು ಅಥವಾ ಇಂದಿರಾನಗರದಿಂದ ಹೊರಡುವವರು ಬೈಯಪ್ಪನಹಳ್ಳಿಯಲ್ಲಿ ಇಳಿದು ಬಸ್ಸು ಹಿಡಿಯಬೇಕೆಂದು ತಪ್ಪು ತಿಳಿಯುವರು. ಪುಟದ ಬರಹ ಹೊಸದಾಗಿದ್ದೂ ಚಿತ್ರ ಮಾತ್ರ ಹಳೆಯದಾಗಿ ಉಳಿಯುವುದುಂಟು. ಪರೀಕ್ಷಾ ವೇಳಾಪಟ್ಟಿ ಅಥವಾ ಅರ್ಜಿ ಸಲ್ಲಿಸುವ ಕೊನೆಯ ದಿನಾಂಕದ ವಿಷಯದಲ್ಲಿ ಇಂತಹ ತಪ್ಪು ಹೆಚ್ಚು ದುಬಾರಿಯಾಗುತ್ತದೆ.

== ಪರಿಹಾರ ==
ಸಂಗ್ರಹವನ್ನೆಲ್ಲ ಅಳಿಸುವುದು ಮೊದಲ ಹೆಜ್ಜೆಯಾಗಬೇಕಿಲ್ಲ. ಸರಳ ಕ್ರಮಗಳಿಂದ ಆರಂಭಿಸುವುದು ಸೂಕ್ತ.
# ಪುಟವನ್ನು ಸಾಮಾನ್ಯ ರೀತಿಯಲ್ಲಿ ಮರುಲೋಡ್ ಮಾಡುವುದು. ಅರ್ಧ ತುಂಬಿದ ಅರ್ಜಿ ತೆರೆದಿದ್ದರೆ ಬರೆದದ್ದು ಅಳಿಸಿಹೋಗಬಹುದು; ಆದುದರಿಂದ ಅದನ್ನು ಮೊದಲು ಬೇರೆಡೆ ಉಳಿಸಿಕೊಳ್ಳಬೇಕು.
# ಕ್ರೋಮ್ ಮತ್ತು ಫೈರ್‌ಫಾಕ್ಸ್‌ಗಳಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಆರ್ ಕೀಲಿಗಳನ್ನು (ಮ್ಯಾಕ್‌ನಲ್ಲಿ ಕಮಾಂಡ್, ಶಿಫ್ಟ್ ಮತ್ತು ಆರ್) ಒಟ್ಟಿಗೆ ಒತ್ತುವುದು. ಆಗ ಬ್ರೌಸರ್ ಸಂಗ್ರಹವನ್ನು ಬದಿಗಿಟ್ಟು ಚಿತ್ರಗಳೂ ಸೇರಿದಂತೆ ಪುಟವನ್ನು ಹೊಸದಾಗಿ ತರಿಸುತ್ತದೆ.
# ಖಾಸಗಿ ಕಿಟಕಿಯಲ್ಲಿ ಅದೇ ಪುಟವನ್ನು ತೆರೆಯುವುದು. ಅಲ್ಲಿ ಹೊಸ ಪುಟ ಕಂಡರೆ ದೋಷ ಬ್ರೌಸರಿನ ಸಂಗ್ರಹದಲ್ಲಿರುವ ಸಾಧ್ಯತೆಯೇ ಹೆಚ್ಚು.
# ಕೊನೆಯದಾಗಿ ಸೆಟ್ಟಿಂಗ್ಸ್‌ನಲ್ಲಿ ಸಂಗ್ರಹಿತ ಚಿತ್ರ ಮತ್ತು ಕಡತಗಳನ್ನು ಮಾತ್ರ ಆಯ್ದು ಅಳಿಸುವುದು.

ಕುಕಿಗಳನ್ನೂ ಅಳಿಸಿದರೆ ಜಾಲತಾಣಗಳಿಗೆ ಮತ್ತೆ ಲಾಗಿನ್ ಆಗಬೇಕಾಗುತ್ತದೆ. ಉಳಿಸಿದ ಪಾಸ್‌ವರ್ಡ್‌ಗಳ ಆಯ್ಕೆಯನ್ನೂ ಗುರುತು ಮಾಡಿದರೆ ಅವು ಸಹ ಅಳಿಯುತ್ತವೆ. ಆದುದರಿಂದ ಗುಂಡಿ ಒತ್ತುವ ಮೊದಲು ಪಟ್ಟಿಯನ್ನು ಪೂರ್ಣವಾಗಿ ಓದುವುದು ಅಗತ್ಯ.

== ಮಿತಿಗಳು ==
ಬಳಕೆದಾರ ಮತ್ತು ಮೂಲ ಸರ್ವರ್ ನಡುವಿನ ಪ್ರಾಕ್ಸಿ ಹಾಗೂ ವಿತರಣಾ ಜಾಲಗಳೂ ಪ್ರತಿಗಳನ್ನು ಇಟ್ಟುಕೊಳ್ಳುತ್ತವೆ. ಬೇರೆ ಸಾಧನ ಹಾಗೂ ಬೇರೆ ಸಂಪರ್ಕದಲ್ಲಿಯೂ ಹಳೆಯ ಪುಟವೇ ಕಂಡರೆ ತಡೆ ಅಲ್ಲಿರಬಹುದು, ಇಲ್ಲವೇ ಮೂಲ ಪುಟವೇ ಪರಿಷ್ಕರಣೆಯಾಗದೆ ಇರಬಹುದು. ಅಂತಹ ಸಂದರ್ಭದಲ್ಲಿ ಬಳಕೆದಾರರು ತಮ್ಮ ಸಂಗ್ರಹವನ್ನು ಅಳಿಸುವುದರಿಂದ ಪ್ರಯೋಜನವಾಗದು. ಪುಟದಲ್ಲಿ ನಮೂದಾದ ಪರಿಷ್ಕರಣೆಯ ದಿನಾಂಕವನ್ನು ಪರಿಶೀಲಿಸಿ, ಸಂಬಂಧಪಟ್ಟ ಕಚೇರಿಯನ್ನು ನೇರವಾಗಿ ವಿಚಾರಿಸುವುದು ಸುರಕ್ಷಿತ.