ರುದ್ರನಾಟಕದಲ್ಲಿ ಸಾಮಾನ್ಯ ಮನುಷ್ಯ

ರುದ್ರನಾಟಕದ ನಾಯಕನು ಕೀರ್ತಿಯನ್ನೂ ಐಶ್ವರ್ಯವನ್ನೂ ಪಡೆದವನಾಗಿದ್ದು, ದುಷ್ಟತನವಿಲ್ಲದೆ ಯಾವುದೋ ಪ್ರಮಾದದಿಂದ ಪತನ ಹೊಂದತಕ್ಕವನೆಂದು ಅರಿಸ್ಟಾಟಲನು ಹೇಳಿದನು. ತಾನು ಕಂಡ ನಾಟಕಗಳನ್ನು ಕುರಿತು ಅವನಾಡಿದ ಮಾತನ್ನು ಯೂರೋಪಿನ ಮುಂದಿನ ಪಂಡಿತರು ವಿಧಿಯನ್ನಾಗಿ ಮಾಡಿ, ರಾಜರಿಗೆ ರುದ್ರನಾಟಕ, ಸಾಮಾನ್ಯರಿಗೆ ವಿನೋದನಾಟಕ ಎಂದು ಹಂಚಿಕೊಟ್ಟರು. ಬಿ. ಎಂ. ಶ್ರೀಯವರ 'ಅಶ್ವತ್ಥಾಮನ್' (1929) ಮೂಲಕ ಕನ್ನಡಿಗರು ಬಲ್ಲ ಗ್ರೀಕ್ ಮಾದರಿಯ ನಾಯಕನೂ ಮಹಾವೀರನೇ. ಈ ವಿಧಿಯ ಹಿಂದೆ ಒಂದು ಯುಕ್ತಿಯಿತ್ತು. ಈಡಿಪಸನ ಪಾಪದಿಂದ ಥೀಬ್ಸ್ ನಗರಕ್ಕೇ ಮಹಾಮಾರಿ ತಗಲುತ್ತದೆ. ಅರಸನ ಪತನವು ನಾಡಿನ ಪತನ. ಹಾಗಾದರೆ, ಯಾವನು ಬಿದ್ದರೆ ನಾಡು ಅಲುಗುವುದಿಲ್ಲವೋ ಅಂಥವನ ದುಃಖವು ಲೋಕದ ದುಃಖವಾಗುವುದು ಹೇಗೆ? ಈ ಪ್ರಶ್ನೆಗೆ ದೊರೆತ ಉತ್ತರಗಳನ್ನು ಇಲ್ಲಿ ಪರಿಶೀಲಿಸುವೆವು.

ಮೊದಲ ಉತ್ತರವು ನೀತಿಯದು. ಗೃಹಸ್ಥರನ್ನು ಕುರಿತ ಕೆಲವು ದುರಂತಗಳು ಎಲಿಜಬೆತ್ ರಾಣಿಯ ಕಾಲದಲ್ಲಿಯೇ ಇದ್ದುವಾದರೂ, ಅವುಗಳ ಪರವಾಗಿ ಸ್ಪಷ್ಟವಾಗಿ ವಾದಿಸಿದವನು ಜಾರ್ಜ್ ಲಿಲೊ. ಅವನ 'ಲಂಡನ್ ವರ್ತಕ'ದಲ್ಲಿ (1731) ವರ್ತಕನ ಕೈಕೆಳಗಿನ ತರುಣನೊಬ್ಬನು ಹೆಣ್ಣಿನ ಮೋಹಕ್ಕೆ ಸಿಕ್ಕಿ, ಧಣಿಯ ಹಣವನ್ನು ಕದ್ದು, ಹಿರಿಯ ಬಂಧುವನ್ನು ಕೊಂದು ಗಲ್ಲಿಗೇರುತ್ತಾನೆ. ಹೆಚ್ಚು ಜನರ ಬಾಳಿಗೆ ಹೊಂದುವ ಕಥೆಯಿಂದ ಪ್ರಯೋಜನವೂ ಹೆಚ್ಚೆಂಬುದು ಲಿಲೊನ ವಾದ. ಎರಡನೆಯ ಉತ್ತರವು ಅನುಕಂಪದ್ದು. 'ಮಿಸ್ ಸಾರಾ ಸ್ಯಾಂಪ್ಸನ್' (1755) ಬರೆದ ಜರ್ಮನಿಯ ಲೆಸ್ಸಿಂಗನು, ರಾಜಪದವಿಯು ನಾಟಕಕ್ಕೆ ವೈಭವವನ್ನು ಕೊಡಬಲ್ಲುದಾದರೂ ಹೃದಯವನ್ನು ಕರಗಿಸಲಾರದೆಂದನು.

ಇವೆರಡೂ ನಮಗೆ ಅರೆಯುತ್ತರಗಳಾಗಿ ತೋರುತ್ತವೆ. ನೀತಿಪಾಠವು ನಾಯಕನನ್ನು ನಿದರ್ಶನದ ಮಟ್ಟಕ್ಕೆ ಇಳಿಸುತ್ತದೆ. ಬರಿಯ ಅನುಕಂಪವು ಕಣ್ಣೀರಿನಲ್ಲಿ ಮುಗಿಯುತ್ತದೆ. ಹೆಬ್ಬೆಲನ 'ಮರಿಯ ಮಗ್ದಲೇನ' (1844) ಇನ್ನೂ ಆಳಕ್ಕೆ ಹೋಯಿತು. ಬಡಗಿ ಆಂಟನನ ಮನೆಯನ್ನು ಹಾಳುಮಾಡುವುದು ಮರ್ಯಾದೆಯನ್ನು ಕುರಿತು ಅವನೇ ಹಿಡಿದಿರುವ ಕಠೋರವಾದ ಕಲ್ಪನೆ. ಮಗಳು ಬಾವಿಗೆ ಬೀಳುತ್ತಾಳೆ. ತಂದೆ ದಿಕ್ಕುಗಾಣದೆ ನಿಲ್ಲುತ್ತಾನೆ. ನೆರೆಹೊರೆಯ ನಾಲಗೆ ಇಲ್ಲಿ ಮನುಷ್ಯನ ಅಂತಃಕರಣದೊಳಗೇ ಬಂದು ಕುಳಿತಿದೆ. ಬ್ಯೂಖ್ನರನು 1837ರಲ್ಲಿ ತೀರಿಕೊಂಡಾಗ ಅಪೂರ್ಣವಾಗಿ ಉಳಿದ 'ವೋಯ್ಟ್ಸೆಕ್' ಬಡ ಸಿಪಾಯಿಯನ್ನೇ ನಾಯಕನನ್ನಾಗಿ ಮಾಡಿತ್ತಾದರೂ, ಅದು ರಂಗವನ್ನೇರಿದುದು 1913ರಲ್ಲಿ.

ಆರ್ಥರ್ ಮಿಲ್ಲರನ 'ಡೆತ್ ಆಫ್ ಎ ಸೇಲ್ಸ್‌ಮನ್' 1949ರ ಫೆಬ್ರವರಿ 10ರಂದು ನ್ಯೂಯಾರ್ಕಿನ ರಂಗಕ್ಕೆ ಬಂದಿತು. ಅದೇ ತಿಂಗಳಿನಲ್ಲಿ ಮಿಲ್ಲರನು ಲೇಖನವೊಂದನ್ನು ಪ್ರಕಟಿಸಿ, ಆತ್ಮಗೌರವಕ್ಕಾಗಿ ಪ್ರಾಣವನ್ನೇ ಒಡ್ಡಬಲ್ಲವನು ಯಾವ ಅಂತಸ್ತಿನವನಾದರೂ ರುದ್ರನಾಯಕನಾಗಬಲ್ಲನೆಂದು ವಾದಿಸಿದನು. ವಿಲ್ಲಿ ಲೋಮನನು ಊರೂರು ತಿರುಗಿ ಸರಕು ಮಾರುವ, 63 ವರ್ಷದ ಮುದುಕ. ಜನಪ್ರಿಯತೆಯೇ ಯಶಸ್ಸಿನ ಮೂಲವೆಂದು ನಂಬಿದವನು. ಕೆಲಸವನ್ನು ಕಳೆದುಕೊಂಡು, ವಿಮೆಯ 20,000 ಡಾಲರು ಮಗನಿಗೆ ದೊರೆಯಲೆಂದು ಸಾಯುತ್ತಾನೆ. ಅವನ ಸಂಸ್ಕಾರಕ್ಕೆ ಮನೆಯವರೂ ನೆರೆಯ ತಂದೆಮಕ್ಕಳಿಬ್ಬರೂ ಬಂದರೇ ವಿನಾ ಬೇರೆ ಯಾರೂ ಬರಲಿಲ್ಲ.

ವಿಲ್ಲಿಗೆ ಕೊನೆಗೂ ಅರಿವು ಹುಟ್ಟದ ಕಾರಣ ಅವನು ಕೇವಲ ಕರುಣಾಪಾತ್ರನೆಂಬ ಆಕ್ಷೇಪಣೆಯುಂಟು. ಆಕ್ಷೇಪಣೆ ಬಲವಾದುದೇ. ಆದರೆ ಅರಿವು ಈ ನಾಟಕದಲ್ಲಿ ಬಿಫ್ ಎಂಬ ಮಗನ ಪಾಲಿಗೆ ಬಂದಿದೆ. ತನ್ನ ಸಾಮಾನ್ಯತೆಯನ್ನು ಒಪ್ಪಿಕೊಂಡ ಮಗನು ಉಳಿಯುತ್ತಾನೆ. ಒಪ್ಪದ ತಂದೆ ಅಳಿಯುತ್ತಾನೆ. ಥೀಬ್ಸಿನಲ್ಲಿ ನಗರದ ಮಾರಿಯಿಂದ ನಾಯಕನ ದೋಷ ಹೊರಬಿದ್ದಿತು. ಇಲ್ಲಿ ನಾಯಕನ ರೋಗದಿಂದ ನಗರದ ದೋಷ ಹೊರಬೀಳುತ್ತದೆ. ಆದ ಕಾರಣ ಇಂಥ ನಾಟಕಗಳ ಅಭ್ಯಾಸಿಯು ನಾಯಕನ ಕುಲವನ್ನು ವಿಚಾರಿಸಿ ಸುಮ್ಮನಾಗಬಾರದು. ಅವನ ಸಾವಿಗೆ ಯಾವ ಲೋಕವು ಉತ್ತರ ಹೇಳಬೇಕಾಗಿದೆಯೆಂಬುದನ್ನು ವಿಚಾರಿಸಬೇಕು.