ಕೊರತೆ ಕಲಿಸಿದ ರುಚಿ: ಕೊರಿಯಾದ ಬೀದಿ ತಿಂಡಿಗಳ ಕಥೆ

ಸೋಲ್ ನಗರದ ಗ್ವಾಂಗ್‌ಜಾಂಗ್ ಮಾರುಕಟ್ಟೆಯಲ್ಲಿ ದಿನವಿಡೀ ಬೀಸುವ ಕಲ್ಲುಗಳು ತಿರುಗುತ್ತಿರುತ್ತವೆ. ತಿರುಗಿಸಲು ಈಗ ವಿದ್ಯುತ್ ಮೋಟಾರು ಬಂದಿದೆ, ಅಷ್ಟೇ. ನೆನೆಹಾಕಿದ ಹೆಸರುಬೇಳೆ ಗಿರಾಕಿಗಳ ಕಣ್ಣೆದುರೇ ಹಿಟ್ಟಾಗಿ, ಮೊಳಕೆಕಾಳಿನೊಂದಿಗೆ ಬೆರೆತು, ಎಣ್ಣೆ ಸುರಿದ ಅಗಲವಾದ ಕಾವಲಿಯ ಮೇಲೆ ದಪ್ಪ ರೊಟ್ಟಿಯಾಗಿ ಬೇಯುತ್ತದೆ. ಇದರ ಹೆಸರು ಬಿಂದೆತೊಕ್. ಕನ್ನಡಿಗರಿಗೆ ಹೆಸರುಬೇಳೆ ದೋಸೆ ನೆನಪಾದರೆ ಆಶ್ಚರ್ಯವಿಲ್ಲ. 'ಬಡವರ ರೊಟ್ಟಿ' ಎಂಬ ಮಾತಿನಿಂದಲೇ ಈ ಹೆಸರು ಹುಟ್ಟಿತೆಂಬ ವಿವರಣೆಯೂ ಉಂಟು.

ಈ ಮಾರುಕಟ್ಟೆ ಆರಂಭವಾದದ್ದು 1905ರಲ್ಲಿ. ಕೊರಿಯಾದ ವಿದೇಶಾಂಗ ವ್ಯವಹಾರವನ್ನು ಜಪಾನ್ ತನ್ನ ಕೈಗೆ ತೆಗೆದುಕೊಂಡ ವರ್ಷವದು. ವ್ಯಾಪಾರವೂ ಪರರ ಪಾಲಾಗಬಾರದೆಂದು ಸ್ಥಳೀಯ ವರ್ತಕರು ತಮ್ಮದೇ ಬಂಡವಾಳ ಹಾಕಿ ಇದನ್ನು ಕಟ್ಟಿದರು. ಇಂದು ಇಲ್ಲಿ ಪ್ರವಾಸಿಗರ ನೂಕುನುಗ್ಗಲು. ಅವರು ಚಪ್ಪರಿಸುವ ತಿಂಡಿಗಳ ಪೂರ್ವಾಪರ ಕೆದಕಿದರೆ ಸಿಗುವುದು ಮಾತ್ರ ಹಸಿವು, ವಲಸೆ ಮತ್ತು ಯುದ್ಧದ ಕಥೆ.

ಹೊರಗಿನಿಂದ ಬಂದವು

ಚಳಿಗಾಲದ ಬೀದಿಗಳಲ್ಲಿ ಹೆಚ್ಚು ಬಿಕರಿಯಾಗುವ ಹೋತೊಕ್ ಚೀನಾ ಮೂಲದ್ದು. 1882ರಲ್ಲಿ ಕೊರಿಯಾದ ಸೈನಿಕರು ದಂಗೆಯೆದ್ದಾಗ ಚೀನಾದ ಚಿಂಗ್ ದೊರೆಗಳು ಅಲ್ಲಿಗೆ ಪಡೆ ಕಳುಹಿಸಿದರು. ಸೈನ್ಯದ ಬೆನ್ನಿಗೇ ವರ್ತಕರೂ ಬಂದರು. ಹಲವರು ಇಂಚಾನ್ ಬಂದರಿನಲ್ಲಿ ನೆಲೆ ನಿಂತರು. ಅವರ ಹೂರಣದ ರೊಟ್ಟಿಯೇ ಹೋತೊಕ್. ಕೊರಿಯನ್ನರ ನಾಲಿಗೆಗೆ ಒಗ್ಗಿದ ಮೇಲೆ ಕಂದು ಸಕ್ಕರೆ, ದಾಲ್ಚಿನ್ನಿ, ಕಡಲೆಬೀಜಗಳು ಅದರ ಹೂರಣವಾದವು. ಬೂಸಾನ್ ನಗರದಲ್ಲಿ ಸೂರ್ಯಕಾಂತಿ, ಕುಂಬಳ ಮೊದಲಾದ ಬೀಜಗಳನ್ನೂ ತುಂಬುತ್ತಾರೆ. ಹೋಳಿಗೆ ಬಲ್ಲವರಿಗೆ ಇದು ಹೊಸದೆನಿಸದು. ಆದರೆ ಕಚ್ಚಿದೊಡನೆ ಹೊರಚಿಮ್ಮುವ ಬಿಸಿ ಪಾಕದ ಬಗ್ಗೆ ಎಚ್ಚರ ಬೇಕು.

1910ರಿಂದ 1945ರವರೆಗಿನ ಜಪಾನಿ ಆಳ್ವಿಕೆಯೂ ಬೀದಿಯಲ್ಲಿ ಗುರುತು ಉಳಿಸಿದೆ. ಮೀನಿನಾಕಾರದ ಅಚ್ಚಿನಲ್ಲಿ ಹಿಟ್ಟು ಹೊಯ್ದು, ಕೆಂಪು ಅವರೆಯ ಸಿಹಿ ಹೂರಣವಿಟ್ಟು ಸುಡುವ ಬುಂಗೊಪ್ಪಾಂಗ್ ಜಪಾನಿನ ತೈಯಾಕಿಯ ತಮ್ಮ. ಕಡ್ಡಿಗೆ ಚುಚ್ಚಿ ಬಿಸಿ ಸಾರಿನಲ್ಲಿ ನಿಲ್ಲಿಸುವ ಮೀನಿನ ಹಿಟ್ಟಿನ ಓಮುಕ್ ಕೂಡ ಜಪಾನಿಯರು ಬೂಸಾನ್ ಬಂದರಿಗೆ ತಂದದ್ದೇ. ತಿಂಡಿ ಬಂದ ದಾರಿಯಲ್ಲೇ ಅಕ್ಕಿ ಹೊರಟುಹೋಯಿತೆಂಬುದು ಇತಿಹಾಸದ ವ್ಯಂಗ್ಯ. ಕೊರಿಯಾದ ರೈತ ಬೆಳೆದ ಅಕ್ಕಿ ಗುನ್ಸಾನ್‌ನಂಥ ಬಂದರುಗಳಿಂದ ಜಪಾನಿಗೆ ಸಾಗಿತು. ಬೆಳೆದವನ ತಟ್ಟೆಗೆ ಬಂದದ್ದು ಮಂಚೂರಿಯಾದ ನವಣೆ.

ಯುದ್ಧದ ಬೆನ್ನಿಗೆ

1950ರ ಜೂನ್ 25ರಂದು ಆರಂಭವಾದ ಕೊರಿಯಾ ಯುದ್ಧ ಉಳಿದಿದ್ದನ್ನೂ ನುಂಗಿಹಾಕಿತು. ಉತ್ತರದಿಂದ ನಿರಾಶ್ರಿತರು ಪ್ರವಾಹದಂತೆ ದಕ್ಷಿಣಕ್ಕೆ ಹರಿದುಬಂದರು. ಹಾಮ್‌ಗ್ಯಾಂಗ್ ಪ್ರಾಂತದವರು, ಇಂದಲ್ಲ ನಾಳೆ ಊರಿಗೆ ಮರಳಬಹುದೆಂಬ ಆಸೆಯಿಂದ, ಗಡಿಗೆ ಹತ್ತಿರದ ಸೊಕ್ಚೊ ಕಡಲತೀರದಲ್ಲಿ ಗುಡಿಸಲು ಹಾಕಿಕೊಂಡರು. ಆ ಕೇರಿಗೆ ಇಂದಿಗೂ 'ಅಬಾಯಿ' ಗ್ರಾಮವೆಂದೇ ಹೆಸರು. ಅವರ ಆಡುನುಡಿಯಲ್ಲಿ ಅಬಾಯಿ ಎಂದರೆ ಹಿರಿಯ, ಅಪ್ಪ. ಹಂದಿಯ ಕರುಳಿಗೆ ಅನ್ನ, ತರಕಾರಿ, ನೆತ್ತರು ತುಂಬಿ ಬೇಯಿಸುವ ಅವರ ಸುಂದೆ ಅಲ್ಲಿನ ಬೀದಿಗಳಲ್ಲಿ ಮಾರಾಟವಾಗುತ್ತದೆ. ಹಿಂದಿರುಗುವ ದಾರಿ ಮಾತ್ರ ತೆರೆಯಲೇ ಇಲ್ಲ.

1953ರ ಜುಲೈ 27ರಂದು ಕದನವಿರಾಮವಾಯಿತು. ಸ್ವದೇಶಕ್ಕೆ ಮರಳಲೊಪ್ಪದ ಯುದ್ಧಕೈದಿಗಳ ಸಮಸ್ಯೆ ಬಿಡಿಸಲು ನೇಮಕಗೊಂಡ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿ ಹೋದವರು ಕೊಡಗಿನ ಲೆಫ್ಟಿನೆಂಟ್ ಜನರಲ್ ಕೆ.ಎಸ್. ತಿಮ್ಮಯ್ಯ. ಸೋಲ್ ನಗರ ಆಗ ಬಹುಮಟ್ಟಿಗೆ ಬೂದಿಯ ಗುಡ್ಡೆ.

ಇಂದು ಕೊರಿಯಾದ ಬೀದಿ ತಿಂಡಿಯೆಂದರೆ ಮೊದಲು ನೆನಪಾಗುವ ತೊಕ್‌ಬೊಕ್ಕಿ ಹೊಸ ರೂಪ ಪಡೆದದ್ದೂ ಅದೇ ವರ್ಷ. ಬೆರಳಿನಂತೆ ಹೊಸೆದ ಅಕ್ಕಿ ಕಡುಬುಗಳನ್ನು ಗೋಮಾಂಸ, ಸೋಯಾ ರಸದೊಂದಿಗೆ ಹುರಿದು ಬಡಿಸುವುದು ಅರಮನೆಯ ಪದ್ಧತಿಯಾಗಿತ್ತು. ಅದು ಕಾರದ ಕೆಂಪು ಬಣ್ಣ ತಳೆದದ್ದು ಸೋಲ್ ನಗರದ ಸಿಂದಾಂಗ್‌ಡಾಂಗ್ ಬೀದಿಯಲ್ಲಿ. ಮಾ ಬೊಕ್-ರಿಮ್ ಎಂಬ ಮಹಿಳೆ ಚೀನೀ ಹೋಟೆಲೊಂದರಲ್ಲಿ ಕುಳಿತಿದ್ದಾಗ ಕೈಜಾರಿದ ಕಡುಬಿನ ತುಂಡು ಕರಿ ಹುರುಳಿಯ ಗೊಜ್ಜಿಗೆ ಬಿತ್ತಂತೆ. ತಿಂದು ನೋಡಿದರೆ ರುಚಿ! ಆಕೆ ಗೊಚುಜಾಂಗ್ ಎಂಬ ಹುದುಗಿಸಿದ ಮೆಣಸಿನ ಗೊಜ್ಜು ಬೆರೆಸಿ ರಸ್ತೆ ಬದಿಯಲ್ಲಿ ಮಾರತೊಡಗಿದರೆಂಬ ಕಥೆ ಪ್ರಸಿದ್ಧ. 2011ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಆ ಬೀದಿಯೇ 'ತೊಕ್‌ಬೊಕ್ಕಿ ಪೇಟೆ' ಎನಿಸಿಕೊಂಡಿತ್ತು.

ಅನ್ನಕ್ಕೆ ರಜೆ

ಅಕ್ಕಿಯೇ ಇಲ್ಲದ ನಾಡಿನಲ್ಲಿ ಅಕ್ಕಿಯ ಕಡುಬು ಬೀದಿಪಾಲಾದದ್ದು ಹೇಗೆ? ಉತ್ತರ ಗೋಧಿಯಲ್ಲಿದೆ. ಅಮೆರಿಕ 1954ರಲ್ಲಿ ರೂಪಿಸಿದ ಪಿ.ಎಲ್. 480 ಕಾಯಿದೆಯಡಿ ಅಲ್ಲಿನ ಹೆಚ್ಚುವರಿ ಗೋಧಿ ಹಡಗುಗಟ್ಟಲೆ ಬಂದಿಳಿಯಿತು. ಅದೇ ಕಾಯಿದೆಯ ಗೋಧಿಯನ್ನು ಭಾರತವೂ ತಿಂದಿದೆ. 1965ರಲ್ಲಿ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿ ಸೋಮವಾರ ರಾತ್ರಿಯ ಊಟ ಬಿಡಿರೆಂದು ದೇಶಕ್ಕೆ ಕರೆಕೊಟ್ಟದ್ದನ್ನು ಹಿರಿಯರು ಮರೆತಿರಲಾರರು.

ಕೊರಿಯಾದಲ್ಲಿ ಅದು ಬರೀ ಕರೆಯಾಗಿರಲಿಲ್ಲ, ಕಟ್ಟಪ್ಪಣೆಯಾಗಿತ್ತು. 1969ರಿಂದ ಪ್ರತಿ ಬುಧವಾರ ಮತ್ತು ಶನಿವಾರ ಬೆಳಗ್ಗೆ 11ರಿಂದ ಸಂಜೆ 5ರವರೆಗೆ ಹೋಟೆಲುಗಳು ಅನ್ನ ಮಾರುವಂತಿರಲಿಲ್ಲ. ಶಾಲೆಗಳಲ್ಲಿ ಉಪಾಧ್ಯಾಯರು ಮಕ್ಕಳ ಊಟದ ಡಬ್ಬಿ ತೆರೆಸಿ, ಅನ್ನದಲ್ಲಿ ಬಾರ್ಲಿ ಬೆರೆಸಿದೆಯೇ ಎಂದು ಪರೀಕ್ಷಿಸುತ್ತಿದ್ದರು. ಹಿಟ್ಟಿನ ಆಹಾರಕ್ಕೆ ಕೊರಿಯನ್ ಭಾಷೆಯಲ್ಲಿ 'ಬುನ್ಸಿಕ್' ಎನ್ನುತ್ತಾರೆ. ಸರ್ಕಾರ ಪ್ರಚಾರ ಮಾಡಿದ ಈ ಪದವೇ ಮುಂದೆ ಅಗ್ಗದ ತಿಂಡಿಗೆ ಅಂಟಿಕೊಂಡಿತು. ಕಡುಬನ್ನೂ ಗೋಧಿ ಹಿಟ್ಟಿನಲ್ಲೇ ಹೊಸೆದದ್ದರಿಂದ ತೊಕ್‌ಬೊಕ್ಕಿ ಶಾಲಾ ಮಕ್ಕಳ ಕಿಸೆಗೂ ಎಟುಕಿತು. ಶಾಲೆಯ ಬಳಿಯ ತಿಂಡಿ ಅಂಗಡಿಯನ್ನು ಇಂದಿಗೂ ಬುನ್ಸಿಕ್ ಮನೆ ಎಂದೇ ಕರೆಯುತ್ತಾರೆ.

1970ರ ದಶಕದಲ್ಲಿ 'ತೊಂಗಿಲ್' ಎಂಬ ಹೆಚ್ಚು ಇಳುವರಿಯ ಭತ್ತದ ತಳಿ ಹೊಲಕ್ಕಿಳಿಯಿತು. 1977ರ ವೇಳೆಗೆ ದೇಶ ಅಕ್ಕಿಯಲ್ಲಿ ಸ್ವಾವಲಂಬಿಯಾಯಿತು. ಅನ್ನವಿಲ್ಲದ ದಿನಗಳು ಕೊನೆಗೊಂಡವು. ಆದರೆ ನಾಲಿಗೆ ಹಿಂದಿರುಗಿ ನೋಡಲಿಲ್ಲ. 1970ರಲ್ಲಿ ದಕ್ಷಿಣ ಕೊರಿಯಾದ ಒಬ್ಬ ವ್ಯಕ್ತಿ ವರ್ಷಕ್ಕೆ ಸರಾಸರಿ 136 ಕಿಲೋ ಅಕ್ಕಿ ಉಣ್ಣುತ್ತಿದ್ದರೆ, 2023ರಲ್ಲಿ ಆ ಪ್ರಮಾಣ 56 ಕಿಲೋಗೆ ಇಳಿದಿದೆ. ಅಕ್ಕಿ ಇಲ್ಲವೆಂದು ಅಳುತ್ತಿದ್ದ ಸರ್ಕಾರಕ್ಕೆ ಈಗ ಹೆಚ್ಚಾದ ಅಕ್ಕಿಯದೇ ಚಿಂತೆ.

ಗಾಡಿಗಳ ಗತಿ

ತಿಂಡಿಗೆ ಸಿಕ್ಕ ಗೌರವ ಮಾರುವವರಿಗೆ ಅಷ್ಟು ಸುಲಭವಾಗಿ ಸಿಗಲಿಲ್ಲ. ಟಾರ್ಪಾಲು ಹೊದಿಸಿದ ಗಾಡಿ ಅಂಗಡಿಗಳಿಗೆ ಪೊಜಾಂಗ್‌ಮಾಚಾ ಎಂದು ಹೆಸರು. 1986ರ ಏಷ್ಯನ್ ಕ್ರೀಡಾಕೂಟ ಮತ್ತು 1988ರ ಒಲಿಂಪಿಕ್ಸ್ ಹೊತ್ತಿಗೆ, ವಿದೇಶಿಯರ ಕಣ್ಣಿಗೆ ಬೀಳಬಾರದೆಂದು ಮುಖ್ಯ ರಸ್ತೆಗಳಿಂದ ಅವನ್ನು ಎತ್ತಂಗಡಿ ಮಾಡಲಾಯಿತು. ವ್ಯಾಪಾರಿಗಳು ಒಗ್ಗೂಡಿ ಪ್ರತಿಭಟಿಸಬೇಕಾಯಿತು. ವಿದೇಶಿಯರಿಂದ ಬಚ್ಚಿಟ್ಟ ಅದೇ ಗಾಡಿಗಳನ್ನು ಇಂದು ಪ್ರವಾಸೋದ್ಯಮದ ಜಾಹೀರಾತುಗಳು ಎತ್ತಿ ತೋರಿಸುತ್ತಿವೆ.

ಹಾಗಿದ್ದೂ ಗಾಡಿಗಳ ಸಂಖ್ಯೆ ಇಳಿಮುಖ. ಬುಂಗೊಪ್ಪಾಂಗ್ ಗಾಡಿ ಎಲ್ಲಿ ನಿಂತಿದೆಯೆಂದು ಹುಡುಕಲು ಮೊಬೈಲ್ ಆ್ಯಪ್ ಮೊರೆಹೋಗುವ ಕಾಲ ಬಂದಿದೆ. ರೈಲು ನಿಲ್ದಾಣ ಹತ್ತಿರವಿದ್ದರೆ ಮನೆಗೆ ಬೆಲೆ ಹೆಚ್ಚುವಂತೆ, ಬುಂಗೊಪ್ಪಾಂಗ್ ಗಾಡಿ ಹತ್ತಿರವಿದ್ದರೆ ಅದೃಷ್ಟವೆಂದು ಅಲ್ಲಿನ ಯುವಕರು ತಮಾಷೆ ಮಾಡುತ್ತಾರೆ.

ಕೊರಿಯಾಕ್ಕೆ ಹೋಗುವ ಸಸ್ಯಾಹಾರಿಗಳು ಗಮನಿಸಬೇಕಾದ್ದೂ ಇದೆ. ತೊಕ್‌ಬೊಕ್ಕಿಯ ಸಾರಿಗೆ ಸಾಮಾನ್ಯವಾಗಿ ಒಣ ಮೀನು ಬಳಸುತ್ತಾರೆ. ಬಿಂದೆತೊಕ್ ಹಿಟ್ಟಿಗೆ ಹಂದಿಮಾಂಸ ಸೇರಿಸುವವರೂ ಇದ್ದಾರೆ. ಕೇಳಿ ತಿನ್ನುವುದು ಕ್ಷೇಮ. ಸಿಹಿ ಹೋತೊಕ್ ಬಗ್ಗೆ ಅಷ್ಟು ಅಳುಕು ಬೇಕಿಲ್ಲ.

ಅಕ್ಕಿಯ ಕಡುಬೇ, ಗೋಧಿಯ ಕಡುಬೇ ಎಂದು ತೊಕ್‌ಬೊಕ್ಕಿ ಪ್ರಿಯರು ಇಂದು ವಾದಕ್ಕಿಳಿಯುತ್ತಾರೆ. ಗೋಧಿಯದೇ ರುಚಿ ಎನ್ನುವವರು ಕಡಿಮೆಯಿಲ್ಲ. ಅವರ ಅಜ್ಜಿಯರಿಗೆ ಆ ಆಯ್ಕೆ ಇರಲಿಲ್ಲ. ಸಿಕ್ಕಿದ್ದರಲ್ಲೇ ಅವರು ರುಚಿ ಕಂಡುಕೊಂಡರು.