600 ಡಾಲರುಗಳ ಬಂಡವಾಳ

ಯುದ್ಧಕಾಲದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ಶಾಂಘೈನ ತರುಣ ಇಂಜಿನಿಯರ್ ಆನ್ ವಾಂಗ್ 1945ರಲ್ಲಿ ಅಮೆರಿಕೆಗೆ ಬಂದರು. 1948ರಲ್ಲಿ ಹಾರ್ವರ್ಡಿನ ಡಾಕ್ಟರೇಟ್ ಪಡೆದು, ಅಲ್ಲಿಯೇ ಪುಟ್ಟ ಕಾಂತೀಯ ಬಳೆಗಳಲ್ಲಿ ಗಣಕದ ನೆನಪನ್ನು ಹಿಡಿದಿಡುವ ಸಂಶೋಧನೆಯಲ್ಲಿ ತೊಡಗಿದರು. ಒಮ್ಮೆ ಓದಿದೊಡನೆ ಅಳಿಸಿಹೋಗುವ ಮಾಹಿತಿಯನ್ನು ಆ ಕ್ಷಣವೇ ಮರಳಿ ಬರೆದಿಡುವುದು ಅವರು ಕಂಡುಕೊಂಡ ಯುಕ್ತಿ.

1951ರಲ್ಲಿ ನೌಕರಿ ತೊರೆದು, ಕೈಯಲ್ಲಿದ್ದ 600 ಡಾಲರುಗಳ ಉಳಿತಾಯದಿಂದ ಬಾಸ್ಟನ್ನಿನಲ್ಲಿ ವಾಂಗ್ ಲ್ಯಾಬೊರೇಟರೀಸ್ ಸ್ಥಾಪಿಸಿದರು. ಮನೆಯಲ್ಲಿ ಪತ್ನಿ ಲೊರೇನ್, ಹಸುಳೆ ಫ್ರೆಡ್. ಆ ಗೃಹಿಣಿ ತಿಂಗಳ ಖರ್ಚನ್ನು ಹೇಗೆ ತೂಗಿಸಿದರೋ ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ. 1956ರಲ್ಲಿ ಐ.ಬಿ.ಎಂ. ಸಂಸ್ಥೆಗೆ ಪೇಟೆಂಟ್ ಮಾರುವ 5 ಲಕ್ಷ ಡಾಲರುಗಳ ಒಪ್ಪಂದವಾಯಿತು. 1976ರ ವರ್ಡ್ ಪ್ರೊಸೆಸರ್ ಕಚೇರಿಗಳಲ್ಲಿ ಅವರ ಹೆಸರನ್ನು ಮನೆಮಾತಾಗಿಸಿತು.

ಮಕ್ಕಳ ಕೈಗೆ ಉದ್ಯಮವನ್ನು ಒಪ್ಪಿಸುವ ವಯಸ್ಸಿನವರು ನಮ್ಮಲ್ಲೂ ಅನೇಕರಿರುವುದರಿಂದ ಮುಂದಿನದನ್ನು ಹೇಳದೆ ಬಿಡಲಾರೆ. 1986ರಲ್ಲಿ ವಾಂಗ್ ಹಿರಿಯ ಮಗ ಫ್ರೆಡ್‌ರನ್ನು ಕಂಪನಿಯ ಅಧ್ಯಕ್ಷರನ್ನಾಗಿಸಿದರು. ಅಷ್ಟರಲ್ಲಿ ಅಗ್ಗದ ಪರ್ಸನಲ್ ಕಂಪ್ಯೂಟರು ವರ್ಡ್ ಪ್ರೊಸೆಸರಿನ ಮಾರುಕಟ್ಟೆಯನ್ನು ಕಬಳಿಸತೊಡಗಿತ್ತು. ಆದುದರಿಂದ ಸೋಲೆಲ್ಲ ಮಗನದೇ ಎಂಬ ಮಾತನ್ನು ನಾನು ಒಪ್ಪಲಾರೆ. ಆದರೂ 1989ರಲ್ಲಿ, ಕ್ಯಾನ್ಸರಿನಿಂದ ಬಳಲುತ್ತಿದ್ದ ತಂದೆಯೇ ಮಗನನ್ನು ಆ ಸ್ಥಾನದಿಂದ ಇಳಿಸಬೇಕಾಯಿತು. ಮರುವರ್ಷ ವಾಂಗ್ ನಿಧನರಾದರು. 1992ರಲ್ಲಿ ಕಂಪನಿ ದಿವಾಳಿ ಅರ್ಜಿ ಸಲ್ಲಿಸಿತು.